ಹೋದ ಸೆಮಿಸ್ಟರಿನ ಹಾಲ್ ಟಿಕೆಟ್

ಘಟಪ್ರಭೆಯ ದಂಡೆಯ ಮೇಲಿನ ತಗಡಿನ ಸೂರಿನ ಪುಟ್ಟ ಮಠದಲ್ಲಿ ಪೂಜ್ಯ ಮಾತೋಶ್ರೀ ಸಿದ್ಧಾಂಬೆ ತಾಯಿಯವರು ನೆಲೆಸಿದ್ದರು. ಹಾಸಲೊಂದು ಕಂಬಳಿ, ಉಣ್ಣಲೊಂದು ತಟ್ಟೆ. ಅದರಾಚೆ ಅವರದೆಂಬುದು ಏನೂ ಇರಲಿಲ್ಲ. ಆದರೆ ಪರೀಕ್ಷೆಗಳ ಹಿಂದಿನ ಸೋಮವಾರ ಅಲ್ಲಿ ಕಾಲಿಡಲೂ ಜಾಗವಿರುತ್ತಿರಲಿಲ್ಲ. ವಿದ್ಯಾರ್ಥಿಗಳು ಹಾಲ್ ಟಿಕೆಟ್ಟನ್ನು ತಟ್ಟೆಯಲ್ಲಿಟ್ಟು ಹಿಡಿಯಬೇಕು. ತಾಯಿಯವರು ಅದಕ್ಕೆ ವಿಭೂತಿ ಹಚ್ಚಿ, ಹೆಸರು ಕೂಗಿ ಹರಸಬೇಕು. ಓದದವರೂ ಪಾಸಾಗುತ್ತಾರೆಂದು ಯಾರೋ ಪುಣ್ಯಾತ್ಮರು ಸುದ್ದಿ ಹಬ್ಬಿಸಿಬಿಟ್ಟಿದ್ದರು! ತಾಯಿಯವರು ಅದನ್ನು ಕೇಳಿ ನಕ್ಕುಬಿಡುತ್ತಿದ್ದರು.

ಆ ವರ್ಷ ಸಾಲಿನಲ್ಲಿ ಎಂ.ಎಸ್ಸಿ. ಓದುವ ದಾಕ್ಷಾಯಣಿಯೂ ನಿಂತಿದ್ದಳು. ಹಿಂದೆಯೇ ತಂದೆ ಚನಮಲ್ಲಪ್ಪ, ಬಸ್ ಕಂಡಕ್ಟರ್. "ನಮ್ಮ ಹುಡುಗಿ ಈ ಸಲ ಯುನಿವರ್ಸಿಟಿಗೇ ಫಸ್ಟ್ ನೋಡ್ರಿ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಪ್ರತಿ ಸಲವೂ ಅವಳು ತಟ್ಟೆಯಲ್ಲಿದ್ದ ಕಾಗದಕ್ಕೆ ಅಂಗೈ ಮರೆಮಾಡುತ್ತಿದ್ದಳು.

ಅವಳ ತಟ್ಟೆಯಲ್ಲಿದ್ದದ್ದು ಹೋದ ಸೆಮಿಸ್ಟರಿನ ಹಾಲ್ ಟಿಕೆಟ್. ಈ ಸಲದ್ದು ಬಂದೇ ಇರಲಿಲ್ಲ. ಎರಡು ತಿಂಗಳಿಂದ ಅವಳು ಕ್ಲಾಸಿಗೆ ಹೋಗದೆ, ಹಾಸ್ಟೆಲಿನ ಮಂಚದ ಮೇಲೆ ಗೋಡೆಗೆ ಮುಖಮಾಡಿ ಬಿದ್ದಿದ್ದಳು. ಏಕೆಂದು ಅವಳಿಗೇ ತಿಳಿಯದು. ಹಾಜರಾತಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದಾಗ, ಅಪ್ಪನಿಗೆ ಹೇಳುವುದಕ್ಕಿಂತ ಸಾಯುವುದೇ ವಾಸಿ ಎನ್ನಿಸಿತ್ತು. ಹಾಗೆನ್ನಿಸಿದ್ದಕ್ಕೂ ಅವಳಿಗೆ ಹೆದರಿಕೆಯೇ.

ಅವಳ ಮುಂದಿದ್ದ ಸಾಲು ಕರಗಿತು. ಅವಳು ತಟ್ಟೆಯನ್ನು ಮುಂದೆ ಹಿಡಿದಳು. ತಾಯಿಯವರು ಕಾಗದವನ್ನೆತ್ತಿಕೊಂಡು, ಕನ್ನಡಕ ಸರಿಮಾಡಿ ಓದಿದರು. ಅವರ ಬೆರಳು ದಿನಾಂಕದ ಮೇಲೆ ನಿಂತಿತು. ಮುಗೀತು, ಎಲ್ಲರೆದುರು ಮಾನ ಹೋಯಿತು ಎಂದು ದಾಕ್ಷಾಯಣಿ ಕಣ್ಣು ಮುಚ್ಚಿದಳು.

ತಾಯಿಯವರು ಹೆಸರು ಕೂಗಲಿಲ್ಲ. ಕಾಗದವನ್ನು ಮಡಚಿ ಅವಳಿಗೇ ಕೊಟ್ಟರು. ವಿಭೂತಿಯನ್ನು ಅವಳ ಹಣೆಗೆ ಹಚ್ಚಿ, ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದರು: "ಭಾಳ ಅಂಜಿಕಿ ಆಗೈತೇನು, ಮಗಳ?"

"ಹಾಸಿಗಿ ಬಿಟ್ಟು ಏಳಾಕ ಆಗವಲ್ದ್ರೀ ಅವ್ವಾರ. ಸತ್ತರ ಸಾಕು ಅನಸ್ತೈತಿ."

"ನಿನ್ನ ವಯಸ್ಸಿನ್ಯಾಗ ನಾನೂ ಹಿಂಗ ಬಿದ್ದಿದ್ದೆ. ಪೂಜಿನೂ ಬಿಟ್ಟಿದ್ದೆ. ನಮ್ಮ ಗುರುಗಳು ಬೈಲಿಲ್ಲ, ಡಾಕ್ಟರ ಕಡೆ ಕರಕೊಂಡು ಹೋದ್ರು. ಇದು ಜಡ್ಡವ್ವಾ, ತಪ್ಪಲ್ಲ. ಅಪ್ಪಗ ನೀನ ಹೇಳು. ನಾ ಇಲ್ಲೇ ಕುಂತಿರ್ತೀನಿ."

ಅಷ್ಟು ದೊಡ್ಡವರು ತಮ್ಮ ಬಾಯಿಂದಲೇ ಹೀಗೆ ಹೇಳಿಕೊಂಡದ್ದನ್ನು ಕೇಳಿ ಅವಳಿಗೆ ಎಲ್ಲಿಲ್ಲದ ಧೈರ್ಯ ಬಂತು. ಸಾಲಿನ ಬದಿಗೆ ಸರಿದು ನಿಂತಿದ್ದ ಅಪ್ಪನನ್ನು ಕರೆದು, ತೊದಲುತ್ತ ಎಲ್ಲವನ್ನೂ ಹೇಳಿಬಿಟ್ಟಳು. ಸಾಯುವ ಯೋಚನೆಯನ್ನೂ ಬಚ್ಚಿಡಲಿಲ್ಲ.

ಚನಮಲ್ಲಪ್ಪನ ಮುಖ ಕಪ್ಪಿಟ್ಟಿತು. ಈಗ ಬೈಯುತ್ತಾನೆ, ಈಗ ಹೊಡೆಯುತ್ತಾನೆ ಎಂದು ಅವಳು ಮೈ ಮುದುಡಿಕೊಂಡಳು. ಅವನು ನೆಲಕ್ಕೆ ಕುಸಿದು ಕೂತ.

"ಹೋದ ತಿಂಗಳ ಫೋನ್ ಮಾಡಿದಾಗ ನಿನ್ನ ದನಿ ಸಣ್ಣಾಗಿತ್ತು" ಎಂದ. "ನಾ ಬರೇ ಓದಿನ ಸುದ್ದಿ ಕೇಳಿ ಇಟ್ಟುಬಿಟ್ಟೆ. ನಾಳಿ ಡ್ಯೂಟಿಗೆ ರಜಾ ಹಾಕ್ತೀನಿ, ಡಾಕ್ಟರ ಕಡೆ ಹೋಗೂಣು. ಪರೀಕ್ಷಿ ಹಾಳಾಗಿ ಹೋಗಲಿ. ಇಷ್ಟು ದಿನ ಒಬ್ಬಾಕಿನ ಹ್ಯಾಂಗ ತಡಕೊಂಡಿ, ನನ್ನವ್ವಾ?"

ಎರಡು ತಿಂಗಳಲ್ಲಿ ಒಮ್ಮೆಯೂ ಅಳು ಬಾರದಿದ್ದ ದಾಕ್ಷಾಯಣಿ ಅಪ್ಪನ ಹೆಗಲಿಗೆ ಬಿದ್ದು ದೊಡ್ಡ ದನಿ ತೆಗೆದು ಅತ್ತಳು. ಸಾಲಿನಲ್ಲಿ ಇನ್ನೂ ನೂರು ತಟ್ಟೆಗಳು ಕಾದಿದ್ದವು. ಅವಳು ಅತ್ತು ಮುಗಿಸುವವರೆಗೂ ತಾಯಿಯವರು ಒಂದನ್ನೂ ಮುಟ್ಟಲಿಲ್ಲ.