ಪೈಲ್ವಾನನೂ ಎಂಟೆಳೆ ದಾರವೂ

ಹೊಳೆ ತಿರುಗುವಲ್ಲಿ ಒಂದು ಚಪ್ಪಟೆ ಬಂಡೆ. ಬಂಡೆಯ ಮೇಲೆ ಗುರುವಮ್ಮ. ರೇಷ್ಮೆ ಬಿಚ್ಚಾಣಿಕೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗೂಡಿನಿಂದ ನೂಲು ತೆಗೆದವಳು, ಈಗ ಹೊಳೆಯಿಂದ ಮೀನು ತೆಗೆಯುತ್ತಿದ್ದಳು. ಹೆಸರಿನಲ್ಲೇ ಗುರು ಇದ್ದದ್ದರಿಂದ ಬೇರೆ ಅರ್ಹತೆಯನ್ನು ಯಾರೂ ಕೇಳಿರಲಿಲ್ಲ.

ಒಂದು ಬೆಳಿಗ್ಗೆ ಪೈಲ್ವಾನ್ ಜವರಪ್ಪ ಬಂದು ಅವಳ ಕಾಲಿಗೆ ಬೀಳಲು ಬಗ್ಗಿದ. ಅರ್ಧದಲ್ಲೇ ಸೊಂಟ ಹಿಡಿದುಕೊಂಡಿತು.

“ಅಷ್ಟು ಸಾಕು,” ಎಂದಳು ಗುರುವಮ್ಮ. “ಏನಾಗ್ಬೇಕು?”

“ಮೀನು ಹಿಡಿಯೋದು ಕಲಿಸು ಅವ್ವಾ. ಇನ್ನು ಅಖಾಡಕ್ಕೆ ಇಳೀಬೇಡ ಅಂದ್ರು ಡಾಕ್ಟ್ರು. ಈ ಕೈಗೆ ಕುಸ್ತಿ ಬಿಟ್ರೆ ಬೇರೇನೂ ಬರಲ್ಲ. ಮನೇಲಿ ಕೂತ್ರೆ ಅತ್ತೆ ಜೊತೆ ಧಾರಾವಾಹಿ ನೋಡ್ಬೇಕು.”

“ಎಷ್ಟು ಧಾರಾವಾಹಿ?”

“ದಿನಕ್ಕೆ ಐದು.”

ಗುರುವಮ್ಮನ ಮುಖದಲ್ಲಿ ಕರುಣೆ ಕಾಣಿಸಿತು.

“ಯುಗಾದಿ ಒಳಗೆ ಒಂದು ಮೀನು ಹಿಡಿ, ಶಿಷ್ಯ ಅಂತ ಇಟ್ಕೋತೀನಿ. ಇಲ್ದಿದ್ರೆ ಬಂಡೆ ಬಿಟ್ಟು ಧಾರಾವಾಹಿಗೆ ಹೋಗು.”

ಪಟ್ಟಣದ ಹವ್ಯಾಸಿಯೊಬ್ಬ ಬಿಟ್ಟುಹೋಗಿದ್ದ ಗಾಳದ ಕೋಲು, ದಾರ ಸುತ್ತುವ ರೀಲುಗಳನ್ನು ಅವನ ಕೈಗಿಟ್ಟಳು. ಜೊತೆಗೆ ಒಂದು ಸುರುಳಿ ದಾರ. ಎಂಟು ಎಳೆ ಸೇರಿಸಿ ಹೆಣೆದದ್ದು; ಆದರೂ ಕೂದಲಿಗಿಂತ ದಪ್ಪವಿರಲಿಲ್ಲ.

ಜವರಪ್ಪ ಅದನ್ನು ಬೆಳಕಿಗೆ ಹಿಡಿದು ಹುಡುಕಿದ.

“ಹಗ್ಗ ಇಲ್ವಾ ಅವ್ವಾ?”

“ಕಟ್ಟಿಹಾಕೋದು ನಿನ್ನನ್ನಲ್ಲ.” ಅವಳು ಗಾಳಕ್ಕೆ ಸಿಕ್ಕಿಸುವ ಬೆರಳುದ್ದದ ರಬ್ಬರ್ ಹುಳು ತೋರಿಸಿದಳು. “ಇದರ ತೂಕ ಒಂದು ಕಡಲೆಬೀಜ. ಹಗ್ಗಕ್ಕೆ ಕಟ್ಟಿ ಎಸೆದ್ರೆ ನಿನ್ನ ಕಾಲ ಬುಡದಲ್ಲೇ ಬೀಳ್ತದೆ.”

ಜವರಪ್ಪ ದಾರವನ್ನು ರೀಲಿನ ಬೋಳು ಉರುಳೆಗೆ ಬಿಗಿದು ಕಟ್ಟಿ ಸುತ್ತಿ, ತುದಿಯ ಹುಳುವನ್ನು ನೀರಿಗಿಳಿಸಿ ಹಿಡಿ ತಿರುಗಿಸಿದ. ಹಿಡಿ ತಿರುಗಿತು, ಉರುಳೆಯ ಮೇಲೆ ದಾರವೂ ತಿರುಗಿತು, ನೀರಿನಲ್ಲಿದ್ದ ಹುಳು ಮಾತ್ರ ಇದ್ದಲ್ಲೇ ಇತ್ತು.

“ಜಾರ್ತಾ ಇದೆ ಅವ್ವಾ. ಇನ್ನೂ ಬಿಗೀಲಾ?”

“ಬರೀ ಮೈಗೆ ರೇಷ್ಮೆ ಸೀರೆ ಉಡಿಸಿ, ನಿಲ್ಲು ಅಂದ್ರೆ ನಿಲ್ಲುತ್ತಾ? ಒಳಗೊಂದು ಲಂಗ ಬೇಕು.”

ಅವಳು ಹಳೆಯ ನೈಲಾನ್ ದಾರವನ್ನು ಒಳಗೆ ಹತ್ತು ಸುತ್ತು ಸುತ್ತಿ, ಅದರ ಮೇಲೆ ಎಂಟೆಳೆ ದಾರವನ್ನು ಎರಡು ಬೆರಳ ನಡುವೆ ಹಿಡಿದು ಉಡಿಸಿದಳು. ರೇಷ್ಮೆ ನಿಂತಿತು.

ಮರುವಾರ ಜವರಪ್ಪ ಎಸೆಯಲು ಕಲಿತ. ಎಸೆದ ಮೇಲೆ, ದಾರವನ್ನು ತಡೆದು ನಿಲ್ಲಿಸುವ ರೀಲಿನ ಕಂಬಿಯನ್ನು ಕೈಯಿಂದ ಮುಚ್ಚಬೇಕೆಂದು ಅವಳು ಹೇಳಿದ್ದಳು. ಪೈಲ್ವಾನನಿಗೆ ಅದು ನಾಜೂಕಿನ ಕೆಲಸವೆನಿಸಿತು. ಹಿಡಿಯನ್ನೇ ಗರಗರ ತಿರುಗಿಸಿದ; ಕಂಬಿ ತಾನಾಗಿ ಬಿತ್ತು. ಸಡಿಲ ದಾರ ಸುರುಳಿಯಾಗಿ, ಸುರುಳಿ ಸಿಕ್ಕಾಗಿ, ಸಿಕ್ಕು ನಿಂಬೆಹಣ್ಣಿನ ಗಾತ್ರದ ಉಂಡೆಯಾಯಿತು.

ಗುರುವಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

“ಮೂವತ್ತು ವರ್ಷ ಗೂಡಿಂದ ನೂಲು ತೆಗೆದೆ. ನೂಲಿಂದ ಗೂಡು ಕಟ್ಟಿದವನನ್ನ ಇವತ್ತೇ ನೋಡಿದ್ದು.”

ಅದನ್ನು ಬಿಡಿಸಲು ಜವರಪ್ಪನಿಗೆ ಮೂರು ದಿನ ಹಿಡಿಯಿತು. ನಾಲ್ಕನೆಯ ದಿನದಿಂದ ಕಂಬಿಯನ್ನು ಕೈಯಿಂದ ಮುಚ್ಚತೊಡಗಿದ.

ಆಮೇಲೆ ಮೀನುಗಳು ಹುಳುವನ್ನು ಮುಟ್ಟಲು ಶುರುಮಾಡಿದವು. ಕೋಲಿನ ತುದಿ ಅಲುಗಿದಾಗಲೆಲ್ಲ ಗುರುವಮ್ಮ ಕೂಗುತ್ತಿದ್ದಳು: “ಎಳೆ!”

ಜವರಪ್ಪ ಎಳೆಯುತ್ತಿದ್ದ.

ಮೊದಲ ಸಲ ಹುಳು ನೀರಿನಿಂದ ಹಾರಿ ಹಿಂದಿನ ಹೊಂಗೆಮರದಲ್ಲಿ ಕುಳಿತಿತು.

“ಮರದಲ್ಲಿ ಮೀನಿಲ್ಲ,” ಎಂದಳು ಗುರುವಮ್ಮ.

ಎರಡನೆಯ ಸಲ ಗಾಳದಲ್ಲಿ ಮೀನಿನ ತುಟಿಯ ಚೂರು ಮಾತ್ರ ಬಂತು. ಎಳೆತ ಸಾಲದಾಯಿತೆಂದು ಅವನು, ದಾರ ಜಾರಿಹೋಗದಂತೆ ತಡೆಯುವ ರೀಲಿನ ತಿರುಪನ್ನು ಕಡೆಯವರೆಗೂ ಬಿಗಿಮಾಡಿದ. ಮೂರನೆಯ ಸಲ ದಾರವೇ ತುಂಡಾಯಿತು.

“ಎಳೆ!” ಎಳೆದ. “ಎಳೆ, ಎಳೆ!” ಎರಡು ಕೈಯಲ್ಲಿ ಎಳೆದ. ಹದಿನೇಳು ಮೀನು ಹೋದವು. ಗರಡಿಯ ಹುಡುಗರು ಎದುರಿಗೆ ಸಿಕ್ಕಾಗ “ಉಸ್ತಾದ್, ಇವತ್ತು ಸಾರು ಯಾವುದು?” ಎಂದು ಕೇಳುವುದನ್ನು ರೂಢಿಮಾಡಿಕೊಂಡರು.

ಯುಗಾದಿಗೆ ಎರಡೇ ದಿನ ಉಳಿದಾಗ ಅವನು ಕೋಲನ್ನು ಬಂಡೆಯ ಮೇಲಿಟ್ಟ.

“ನನ್ನಿಂದಾಗಲ್ಲ ಅವ್ವಾ. ನೀನು ಹೇಳಿದಂಗೇ ಮಾಡ್ತೀನಿ, ಹೋಗ್ತದೆ. ಇದಕ್ಕಿಂತ ಜೋರಾಗಿ ಎಳೆಯೋಕೆ ನನ್ನ ಸೊಂಟ ಬಿಡಲ್ಲ.”

“ಎಳೆಯೋಕೆ ಯಾರು ಹೇಳಿದ್ದು?”

“ನೀನೇ! ಎಳೆ ಎಳೆ ಅಂತ ಎರಡು ತಿಂಗಳಿಂದ ಕೂಗ್ತಾ ಇದೀಯಲ್ಲ!”

ಗುರುವಮ್ಮ ಅವನನ್ನು ನೋಡಿದಳು. ಹೊಂಗೆಮರವನ್ನು ನೋಡಿದಳು. ಅದರಲ್ಲಿ ನಾಲ್ಕು ರಬ್ಬರ್ ಹುಳುಗಳು ತೂಗುತ್ತಿದ್ದವು.

ಆಮೇಲೆ ದಾರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. “ಇದೇನು?”

“ದಾರ.”

“ಕಾರ್ಖಾನೇಲಿ ಇದನ್ನ ಎಳೆ ಅಂತೀವಿ. ಕಡಿಯೋ ಹಂಗಾದ್ರೆ ಪಕ್ಕದವಳು ‘ಎಳೆ, ಎಳೆ’ ಅಂತ ಕೂಗ್ತಾಳೆ. ಜೋಪಾನ ಅಂತ.”

ಜವರಪ್ಪ ನಿಧಾನವಾಗಿ ಬಂಡೆಯ ಮೇಲೆ ಕುಳಿತ.

“ಹದಿನೇಳು ಮೀನು ಅವ್ವಾ.”

“ನಿನಗೆ ಬಲ ಜಾಸ್ತಿ, ಅದನ್ನ ತಡೆಯೋಕಾಗದೆ ಎಳೀತೀಯ ಅಂದ್ಕೊಂಡಿದ್ದೆ,” ಎಂದಳು ಅವಳು. “ಕೈ ಕೊಡು.”

ದಾರದ ತುದಿಯನ್ನು ಅವನ ಕಿರುಬೆರಳಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ದಡದ ಆ ಕೊನೆಗೆ ನಡೆದಳು.

“ಕಣ್ಣು ಮುಚ್ಚು. ನಾನು ಮುಟ್ಟಿದಾಗ ಹೇಳು.”

“ಈಗ.”

“ಅದು ಗಾಳಿ.”

“ಈಗ.”

“ಅದು ನಿನ್ನದೇ ನಾಡಿ.”

ಹೊತ್ತು ಏರಿತು. ಜವರಪ್ಪನ ಬೆನ್ನ ಮೇಲೆ ಬಿಸಿಲು ಬಂದು ಹೋಯಿತು.

“ಈಗ?”

ಆ ಕೊನೆಯಲ್ಲಿ ಗುರುವಮ್ಮ ದಾರಕ್ಕೆ ಕಣ್ಣು ಹತ್ತಿರ ತಂದಳು. “ಇರುವೆ. ಪರವಾಗಿಲ್ಲ, ನಾಳೆ ಬಾ.”

ಮರುದಿನ ಸಂಜೆ, ಹೊಳೆಯ ಮೇಲೆ ಬಿಸಿಲು ಇನ್ನೂ ಇರುವಾಗ, ಮತ್ತೆ ಕೋಲು ಹಿಡಿದು ಕುಳಿತಿದ್ದ ಜವರಪ್ಪನಿಗೆ ದಾರದಲ್ಲಿ ಏನೋ ಉಸಿರಾಡಿದಂತಾಯಿತು. ಗಾಳಿಯಲ್ಲ. ನಾಡಿಯಲ್ಲ. ಇರುವೆಯಂತೂ ಅಲ್ಲ.

“ಎಳೆ!” ಎಂದಳು ಗುರುವಮ್ಮ.

ಮೂವತ್ತು ವರ್ಷದ ಗರಡಿ ಅಭ್ಯಾಸದ ಬಲತೋಳು ತಾನಾಗಿ ಮೇಲೆದ್ದಿತು. ಜವರಪ್ಪ ಎಡಗೈಯಿಂದ ಅದರ ಮಣಿಕಟ್ಟು ಹಿಡಿದು, ಪಟ್ಟು ಹಾಕಿ, ಕೆಳಕ್ಕೆ ಒತ್ತಿದ. ಅವನು ಆಡಿದ್ದರಲ್ಲೆಲ್ಲ ಕಷ್ಟದ ಕುಸ್ತಿ ಅದು. ತೋಳು ಚಿತ್ ಆಯಿತು.

ತಿರುಪನ್ನು ಎರಡು ಸುತ್ತು ಸಡಿಲಿಸಿದ. ಮೀನು ಓಡಿತು, ಓಡಲು ಬಿಟ್ಟ. ನಿಂತಿತು, ನಾಲ್ಕು ಸುತ್ತು ಸುತ್ತಿದ. ಮತ್ತೆ ಓಡಿತು, ಮತ್ತೆ ಬಿಟ್ಟ. ಅಂಗೈ ಅಗಲದ ಒಂದು ಕೆಂಡೆ ಮೀನು ಕೊನೆಗೆ ತಾನೇ ಬೇಸತ್ತು ಬಂದಂತೆ ದಡಕ್ಕೆ ಬಂತು.

ಜವರಪ್ಪ ಅದನ್ನು ಎರಡೂ ಅಂಗೈಯಲ್ಲಿ ಎತ್ತಿಕೊಂಡ.

“ಅವ್ವಾ, ನೋಡು!”

ಗುರುವಮ್ಮ ಬಗ್ಗಿ ನೋಡಿದಳು. “ಎಳೆ,” ಎಂದಳು.

ಜವರಪ್ಪ ಈ ಸಲ ತಪ್ಪಲಿಲ್ಲ. ದಾರವನ್ನು ತುದಿಯಿಂದ ಬೆರಳಲ್ಲಿ ಸವರಿ ನೋಡಿದ. “ಜೋಪಾನವಾಗಿದೆ ಅವ್ವಾ. ಎಲ್ಲೂ ಸವೆದಿಲ್ಲ.”

“ದಾರ ಅಲ್ಲ ಕಣೋ, ಮೀನು. ಎಳೇ ಮೀನು ಅದು. ನೀರಿಗೆ ಬಿಡು.”

ಅವನು ಬಿಟ್ಟ. ಅದು ಹೋದ ಕಡೆಯನ್ನೇ ನೋಡುತ್ತ ನಿಂತ. ನಾಳೆ ಯುಗಾದಿ.

“ಹಂಗಾದ್ರೆ ಇದು ಲೆಕ್ಕಕ್ಕಿಲ್ವಾ ಅವ್ವಾ? ನಾನು ಹೋಗ್ಲಾ?”

“ನೀನೂ ಎಳೇದೇ,” ಎಂದಳು ಗುರುವಮ್ಮ. “ನಿನ್ನನ್ನ ಯಾವ ನೀರಿಗೆ ಬಿಡ್ಲಿ? ಕೂತ್ಕೊ.”