ಹಂಚಿನಾಳರ ಹೆಸರಿನ ತಂತ್ರಾಂಶ

ಗದಗ ಕಡೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕಸ್ತೂರಿ ಎಂಬ ಗುತ್ತಿಗೆ ಸಹಾಯಕಿ ಇದ್ದಳು. ಯಾರು ಬೇಕಾದರೂ ಪುಕ್ಕಟೆ ಪಡೆದು ತಿದ್ದಿಕೊಳ್ಳಬಹುದಾದ ತಂತ್ರಾಂಶವೊಂದರ ಮೂಲ ಕೋಡ್ ಇಳಿಸಿಕೊಂಡು, ಅದನ್ನು ಕಂಪ್ಯೂಟರಿನಲ್ಲಿ ಓಡುವಂತೆ ಕಂಪೈಲ್ ಮಾಡಿ, ಪುಸ್ತಕ ಹುಡುಕುವ ವ್ಯವಸ್ಥೆಯನ್ನು ಅವಳೇ ಕೂಡಿಸಿದ್ದಳು.

ತಪಾಸಣಾ ಸಮಿತಿ ಬರುವ ಹಿಂದಿನ ದಿನ ಪ್ರಾಂಶುಪಾಲ ಹಂಚಿನಾಳರು ಅವಳನ್ನು ಕರೆಸಿದರು. "ಈ ತಂತ್ರಾಂಶ ಬರೆದವ ನಾನಽ ಅಂತ ಇರಬೇಕು. ಎಲ್ಲಾ ಕಡೆ ನನ್ನ ಹೆಸರು ಹಾಕ್ರಿ. ಇಲ್ಲಾಂದ್ರ ನಿಮ್ಮ ಗುತ್ತಿಗೆ ಮುಂದುವರಿಯೋದು ಕಷ್ಟ."

ಕಸ್ತೂರಿಗೆ ಇದು ಸರಿ ಕಾಣಲಿಲ್ಲ. ಯಾರೋ ಬರೆದದ್ದಕ್ಕೆ ಇನ್ಯಾರದೋ ಹೆಸರು ಹಾಕುವುದೆಂದರೆ ಕಳ್ಳತನವಲ್ಲವೇ? ಆದರೂ "ಆಗಲ್ರೀ ಸರ" ಎಂದಳು. ಕೋಡ್ ತಿದ್ದಿ, ಮತ್ತೆ ಕಂಪೈಲ್ ಮಾಡಿ, ಸಂಜೆ ಸಾಹೇಬರನ್ನೇ ಕುರ್ಚಿಯಲ್ಲಿ ಕೂಡಿಸಿದಳು.

ಅವರು ಪಾಸ್‌ವರ್ಡ್ ತಪ್ಪು ಒತ್ತಿದರು. "ಹಂಚಿನಾಳರಿಗೆ ನಿಮ್ಮ ಗುರುತು ಹತ್ತುತ್ತಿಲ್ಲ" ಎಂದಿತು ಪರದೆ. ಇಲ್ಲದ ಪುಸ್ತಕವೊಂದನ್ನು ಹುಡುಕಿದರು. "ಹಂಚಿನಾಳರಿಗೆ ಏನೂ ಸಿಗಲಿಲ್ಲ." ಗಾಬರಿಯಲ್ಲಿ ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದರು. "ಹಂಚಿನಾಳರು ಕೆಲಸ ನಿಲ್ಲಿಸಿದ್ದಾರೆ. ದಯವಿಟ್ಟು ಮುಚ್ಚಿ, ಮತ್ತೆ ತೆರೆಯಿರಿ."

"ಏನ್ರೀ ಇದು?"

"ತಪ್ಪಾದಾಗಲೂ ಬರೆದವರ ಹೆಸರು ಬರಬೇಕಲ್ರೀ ಸರ. ನಾಳೆ ಸಮಿತಿಯವರ ಮುಂದ ಕೆಟ್ಟು ನಿಂತ್ರ, ಸರಿ ಮಾಡೋರು ನೀವಽ ಅಲ್ರೀ?"

ಸಾಹೇಬರ ಮುಖ ಕೆಂಪಾಯಿತು. ಆಮೇಲೆ ಮೆಲ್ಲಗೆ ಹೊಟ್ಟೆ ಕುಣಿಯಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಮೊದಲಿನ ಹೆಸರುಗಳನ್ನಽ ಇಡವ್ವಾ" ಎಂದರು.

ಮರುದಿನ ಸಮಿತಿಯವರು ಮೆಚ್ಚಿ, ಇದು ಯಾರ ಕೆಲಸವೆಂದು ಕೇಳಿದರು.

"ಬರೆದವರು ಎಲ್ಲೆಲ್ಲೋ ಇದ್ದಾರ್ರೀ. ಇಲ್ಲಿ ಕೂಡಿಸಿದಾಕಿ ನಮ್ಮ ಕಸ್ತೂರಿ" ಎಂದರು ಹಂಚಿನಾಳರು. "ತಪ್ಪು ಕಂಡರ ಮಾತ್ರ ನನಗ ಹೇಳ್ರಿ."