ಜರಡಿಯಲ್ಲಿ ಉಳಿದದ್ದು

ಹೊಳೆಯ ದಂಡೆಯ ಮೇಲೊಂದು ತಗಡಿನ ಶೆಡ್ಡು ಇತ್ತು. ಸುತ್ತಲಿನ ಊರವರು ಅದನ್ನು ಆಶ್ರಮ ಅಂತಲೇ ಕರೆಯುತ್ತಿದ್ದರು. ಯಾಕೆಂದರೆ ಅಲ್ಲಿ ಹೊತ್ತಿಗೆ ಸರಿಯಾಗಿ ಊಟ ಆಗುತ್ತಿರಲಿಲ್ಲ, ಮತ್ತು ಒಬ್ಬ ಗುರು ಇದ್ದರು.

ಗುರುವಿನ ಹೆಸರು ಮುಕ್ತಾಬಾಯಿ. ನಲವತ್ತು ವರ್ಷ ಕಾಲೇಜಿನಲ್ಲಿ ನದಿಗಳ ಎಂಜಿನಿಯರಿಂಗ್ ಕಲಿಸಿ, ಉಳಿದ ಪಾಠವನ್ನು ನದಿಯ ಹತ್ತಿರವೇ ಕಲಿಯೋಣವೆಂದು ಬಂದು ಕೂತವರು. ಎಲ್ಲರಿಗೂ ಅವರು ಅಕ್ಕೋರು.

ಶಿಷ್ಯನ ಹೆಸರು ಮಾನಪ್ಪ. ಸಂಶೋಧನೆಗೆಂದು ಬಂದು ಮೂರು ವರ್ಷವಾಗಿತ್ತು. ಬುದ್ಧಿವಂತ, ಕಷ್ಟಜೀವಿ, ಆದರೆ ಸ್ವಲ್ಪ ಹೆಚ್ಚೇ ಶುಚಿಯ ಮನುಷ್ಯ.

ಶೆಡ್ಡಿನೊಳಗೆ ಮೂವತ್ತಡಿ ಉದ್ದದ ತೊಟ್ಟಿ. ಅದರಲ್ಲಿ ಮಣ್ಣು ತುಂಬಿ, ಹೊಳೆಯ ತಿರುವೊಂದನ್ನು ಚಿಕ್ಕದಾಗಿ ಕೊರೆದು, ಮೇಲಿನ ತುದಿಯಿಂದ ನೀರು ಬಿಡುತ್ತಿದ್ದರು. ನೀರು ತಿರುವು ದಾಟಿ ಕೆಳಗಿನ ತುದಿಯಲ್ಲಿ ಬಕೆಟ್ಟಿಗೆ ಬೀಳುತ್ತಿತ್ತು. ಹೊರಗಿನ ಹೊಳೆಗೆ ಪ್ರವಾಹ ಬರಲು ಮುಂಗಾರು ಬೇಕು. ಈ ಹೊಳೆಗೆ ಕರೆಂಟು ಇದ್ದರೆ ಸಾಕು.

ನಿಜವಾದ ತಿರುವು ಇದ್ದದ್ದು ಮೂರು ಮೈಲಿ ದೂರದ ಕೊಂಡಿಹಾಳದಲ್ಲಿ. ವರ್ಷ ವರ್ಷ ನೆರೆ ಬಂದು ಅಲ್ಲಿನ ದಡ ತಿನ್ನುತ್ತಿತ್ತು. ಕಳೆದ ಸಲ ಹುಸೇನಬಿ ಅನ್ನುವ ಮುದುಕಿಯ ಆಡಿನ ದೊಡ್ಡಿ ಹೊಳೆ ಪಾಲಾಯಿತು. ಈಗ ಹೊಳೆಗೂ ಅವಳ ಹೊಸ್ತಿಲಿಗೂ ಹನ್ನೊಂದೇ ಹೆಜ್ಜೆ.

ದಡ ಉಳಿಸುವುದೋ, ಮೂವತ್ತೆರಡು ಮನೆಯ ಊರನ್ನೇ ಎತ್ತಿ ಗುಡ್ಡದ ಮೇಲಿಡುವುದೋ ಎಂದು ಅಧಿಕಾರಿಗಳು ಮಳೆಗಾಲಕ್ಕೆ ಮುಂಚೆ ತೀರ್ಮಾನಿಸಬೇಕಿತ್ತು. ಅಕ್ಕೋರು ಹೇಳಿದಂತೆ ಆಗಲಿ ಅಂದಿದ್ದರು.

ಮಾನಪ್ಪ ಹುಸೇನಬಿಯ ಮನೆಯಲ್ಲಿ ಚಹಾ ಕುಡಿದಿದ್ದ. "ನಿನ್ನ ಹೊಸ್ತಿಲಾ ಹೊಳೀಗೆ ಬಿಡೂದಿಲ್ಲ, ಆಯಿ," ಎಂದು ಮಾತನ್ನೂ ಕೊಟ್ಟುಬಂದಿದ್ದ. ಕೊಡುವಾಗ ಗುರುವನ್ನು ಕೇಳಿರಲಿಲ್ಲ.

ಆ ಬೆಳಗ್ಗೆ ಅವನು ಮಣ್ಣು ಜರಡಿ ಹಿಡಿಯುತ್ತಿದ್ದ. ಒಂದು ಸಲ ಅಲ್ಲ, ಮೂರು ಸಲ.

"ಏನ್ ಮಾಡಾಕತ್ತಿಯೋ?" ಅಕ್ಕೋರು ಕೇಳಿದರು.

"ಮಣ್ಣು ಹಸನ ಮಾಡಾಕತ್ತೀನ್ರಿ. ಬೇರು, ಕಡ್ಡಿ ಭಾಳ ಅದಾವ. ಅವು ಇದ್ರ ಒಮ್ಮೆ ಬಂದ ಉತ್ತರ ಇನ್ನೊಮ್ಮೆ ಬರೂದಿಲ್ಲ."

"ಎಲ್ಲೀ ಮಣ್ಣಿದು?"

"ಕೊಂಡಿಹಾಳದ್ದ ರೀ. ತಿರುವಿನ ಮ್ಯಾಲ, ದಡ ಇನ್ನೂ ಬೀಳಲಾರದ ಜಾಗಾದ್ದು."

"ಹೌದಾ?" ಅಂದರು ಅಕ್ಕೋರು. ಜರಡಿಯಲ್ಲಿ ಉಳಿದ ಕಸವನ್ನೆಲ್ಲ ಬುಟ್ಟಿಗೆ ತುಂಬಿಕೊಂಡು, ಸೊಂಟ ಹಿಡಿದುಕೊಂಡು, ಹಿತ್ತಲಿಗೆ ಹೋಗಿ ಸುರಿದು ಬಂದರು.

ಮೂರು ವರ್ಷದಿಂದ ಇದೇ ನಡೆದಿತ್ತು. ತಾನು ಮಾಡಿದ ಕಸವನ್ನು ಎಪ್ಪತ್ತು ದಾಟಿದ ಗುರು ಹೊರುವುದನ್ನು ನೋಡಿ ಮಾನಪ್ಪನಿಗೆ ಮುಜುಗರ.

"ನಾ ಒಯ್ತೀನಿ ಬಿಡ್ರಿ, ಅಕ್ಕೋರೆ."

"ನೀ ಜರಡಿ ಹಿಡಿ. ನಿನ್ನ ಕೆಲಸ ನಿನಗ, ನನ್ನ ಕೆಲಸ ನನಗ."

ಮಣ್ಣು ಹಸನಾಯಿತು. ಮಾನಪ್ಪ ತೊಟ್ಟಿಯಲ್ಲಿ ತಿರುವು ಕೊರೆದ. ಕೊಂಡಿಹಾಳ ಇರುವ ಕಡೆ ಕಲ್ಲಿನ ಪುಟ್ಟ ಗೋಡೆ ಕಟ್ಟಿದ. ನೀರು ಬಿಟ್ಟ.

ನೀರು ಭರ್ರನೆ ಬಂದು ಗೋಡೆಗೆ ಬಡಿಯಿತು. ಗೋಡೆ ಅಲುಗಲಿಲ್ಲ. ಹತ್ತು ಸಲ ಬಿದ್ದ ಗೋಡೆ ಹನ್ನೊಂದನೇ ಸಲ ನಿಂತಿತ್ತು. ಮಾನಪ್ಪ ತೊಟ್ಟಿಯ ಸುತ್ತ ಕುಣಿದೇ ಬಿಟ್ಟ.

"ನಿಂತೈತ್ರಿ! ಕೊಂಡಿಹಾಳ ಉಳೀತು!"

"ಗ್ವಾಡಿ ನಿಂತಿತು," ಅಂದರು ಅಕ್ಕೋರು. "ನೀರು ಎಲ್ಲಿ ಹೋತು?"

"ಬಕೆಟ್ಟಿಗೆ ಹೋತ್ರಿ."

"ಬಕೆಟ್ಟಿನ್ಯಾಗ ಯಾರ್ ಅದಾರ?"

"ಬಕೆಟ್ಟಿನ್ಯಾಗ ಯಾರಿರ್ತಾರ್ರಿ?" ಎಂದು ಮಾನಪ್ಪ ನಕ್ಕ.

ಅಕ್ಕೋರೂ ನಕ್ಕರು. ಅವರು ಹಾಗೆ ನಕ್ಕರೆ ಮುಂದೇನೋ ಕಾದಿದೆ ಅನ್ನುವುದನ್ನು ಮೂರು ವರ್ಷದಲ್ಲಿ ಅವನು ಕಲಿತಿರಬೇಕಿತ್ತು.

ಮರುದಿನ ಅದೇ ಗೋಡೆಗೆ ಮತ್ತೆ ನೀರು ಬಿಡಲು ಹೇಳಿದರು. ಮಾನಪ್ಪ ಹೆಮ್ಮೆಯಿಂದ ಪಂಪು ಹಚ್ಚಿದ. ಗೋಡೆ ಬಂಡೆಯ ಹಾಗೆ ನಿಂತಿತು. ಗೋಡೆಗೆ ಬಡಿದ ನೀರು ಮಾತ್ರ ಸಿಟ್ಟಾಗಿ ಆಚೆ ಚಿಮ್ಮಿ, ಗೋಡೆ ಮುಗಿದಲ್ಲಿಂದ ಕೆಳಗಿನ ದಡವನ್ನು ಗಬಗಬನೆ ತಿನ್ನತೊಡಗಿತು.

ಕುಸಿದ ಮಣ್ಣಿನಲ್ಲಿ ಒಂದು ಕೆಂಪು ಬಟ್ಟೆಯ ಚುಂಗು ಕಾಣಿಸಿತು.

ಇದನ್ನೆಲ್ಲೋ ನೋಡಿದ್ದೇನಲ್ಲ ಎಂದು ಮಾನಪ್ಪ ಬಗ್ಗಿದ. ಅಷ್ಟರಲ್ಲಿ ಗಂಟು ಪೂರ್ತಿ ಹೊರಬಂದು, ಉರುಳಿ, ಬಕೆಟ್ಟಿನೊಳಗೆ ಧೊಪ್ಪೆಂದು ಬಿತ್ತು. ನಾಲ್ಕು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

"ಅಯ್ಯಯ್ಯೋ, ನನ್ನ ಬುತ್ತಿ!"

"ಚೀರಬ್ಯಾಡೋ," ಅಂದರು ಅಕ್ಕೋರು. "ಬಕೆಟ್ಟಿನ್ಯಾಗ ಯಾರೂ ಇಲ್ಲಂತ ನೀನ ಹೇಳೀದಿ."

ಮಾನಪ್ಪ ಬಕೆಟ್ಟನ್ನೇ ನೋಡುತ್ತ ನಿಂತ. ಚಟ್ನಿ ನಿಧಾನವಾಗಿ ಕರಗುತ್ತಿತ್ತು. ಕೊಂಡಿಹಾಳದ ಕೆಳಗೆ ಅಡವಿಬಾವಿ ಅನ್ನುವ ಊರಿದೆ ಎಂಬುದು ಅವನಿಗೆ ನೆನಪಾಯಿತು. ಅವನ ನಕ್ಷೆಯಲ್ಲಿ ಆ ಊರು ಮಡಿಕೆಯ ಆಚೆಗಿತ್ತು. ಮೂರು ವರ್ಷದಲ್ಲಿ ಆ ಮಡಿಕೆಯನ್ನು ಅವನು ಒಮ್ಮೆಯೂ ಬಿಚ್ಚಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು.

ಅಕ್ಕೋರು ತಮ್ಮ ಬುತ್ತಿ ಬಿಚ್ಚಿ ಎರಡು ರೊಟ್ಟಿ ಅವನ ಮುಂದಿಟ್ಟರು.

"ಉಣ್ಣು ಮೊದ್ಲ. ಹಸದ ಹೊಟ್ಟೀಲೆ ನಾಚಿಕಿ ಪಡಬಾರದು."

"ಹಂಗಾದ್ರ ಗ್ವಾಡಿ ಬ್ಯಾಡ್ರಿ," ಮಾನಪ್ಪ ರೊಟ್ಟಿ ಮುಟ್ಟದೆ ಅಂದ. "ಗ್ವಾಡಿ ಇಲ್ಲಂದ್ರ ಊರು ಎತ್ತಬೇಕು. ಹುಸೇನಬಿಗೆ ಏನಂತ ಹೇಳ್ಲಿ?"

"ಹೇಳಾಕ ಇನ್ನೂ ಎರಡು ವಾರ ಐತಿ."

ಆ ಎರಡು ವಾರದಲ್ಲಿ ಒಂಬತ್ತು ದಿನ ಮಾನಪ್ಪ ಲೆಕ್ಕ ಹಾಕಿದ, ಅಳಿಸಿದ, ಮತ್ತೆ ಹಾಕಿದ. ಯಾವ ಲೆಕ್ಕವೂ ಕೊಂಡಿಹಾಳವನ್ನೂ ಅಡವಿಬಾವಿಯನ್ನೂ ಒಟ್ಟಿಗೆ ಉಳಿಸಲಿಲ್ಲ. ಹತ್ತನೇ ದಿನ ಮಧ್ಯಾಹ್ನ ಅಡ್ಡಮಳೆ ಬಂತು. ಅರ್ಧ ತಾಸು ಆಲಿಕಲ್ಲು ಸಮೇತ ಹೊಡೆದು, ಏನೂ ಆಗಿಲ್ಲವೆಂಬಂತೆ ಬಿಸಿಲು ಬಿತ್ತು.

"ಹಿತ್ತಲಕ್ಕ ಹೋಗಿ ಕೈ ತೊಳಕೊಂಡು ಬಾ, ಚಹಾ ಮಾಡೀನಿ," ಅಂದರು ಅಕ್ಕೋರು.

ಮಾನಪ್ಪ ಹಿತ್ತಲಿಗೆ ಹೋದವನು ಗಕ್ಕನೆ ನಿಂತ. ಮೂರು ಸಲ ಜರಡಿ ಹಿಡಿದು ಗುಡ್ಡೆ ಹಾಕಿದ್ದ ಅವನ ಹಸನಾದ ಮಣ್ಣು ಮಾಯ! ತಗಡಿನಿಂದ ಧುಮುಕಿದ ನೀರು ಅದನ್ನು ತೊಳೆದು ಹೊಳೆಗೆ ಒಯ್ದಿತ್ತು. ಹಿತ್ತಲೆಲ್ಲ ಸೀಳು ಬಿಟ್ಟಿತ್ತು.

ಒಂದು ಕಡೆ ಮಾತ್ರ ನೆಲ ಕೊಚ್ಚಿಹೋಗಿರಲಿಲ್ಲ. ಅಕ್ಕೋರು ಮೂರು ವರ್ಷದಿಂದ ಕಸ ಸುರಿಯುತ್ತಿದ್ದ ಜಾಗ. ನೀರು ಅಲ್ಲೇ ಜೋರಾಗಿ ಧುಮುಕಿತ್ತು, ಆದರೂ ಕಸದ ಗುಡ್ಡೆ ಜಪ್ಪಯ್ಯ ಅಂದಿರಲಿಲ್ಲ. ಮೇಲೆಲ್ಲ ಕರ್ಕಿ ಹುಲ್ಲು ಹಬ್ಬಿತ್ತು. ನಡುನಡುವೆ ಲಕ್ಕಿ ಗಿಡ ಚಿಗುರಿತ್ತು.

ದಿನಾ ಅದರ ಪಕ್ಕದಲ್ಲೇ ಕೈ ತೊಳೆಯುತ್ತಿದ್ದವನು ಇವತ್ತು ಅದನ್ನು ನೋಡಿದ. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಅಂದಿಲ್ಲ.

ಅವನು ಒಂದು ಹಿಡಿ ಕರ್ಕಿ ಹಿಡಿದೆಳೆದ. ಬರಲಿಲ್ಲ. ಎರಡೂ ಕೈ ಹಾಕಿ, ಕಾಲು ಊರಿ ಎಳೆದ. ಹುಲ್ಲಿನ ತುದಿ ಹರಿದು, ಮಾನಪ್ಪ ಕೆಸರಿನಲ್ಲಿ ಅಂಗಾತ ಬಿದ್ದ. ಬೇರು ನೆಲದಲ್ಲೇ ಉಳಿಯಿತು.

ಬಿದ್ದಲ್ಲೇ ನಗಲು ಶುರು ಮಾಡಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಕ್ಕೋರು ಚಹಾ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು.

"ಅಕ್ಕೋರೆ, ಮೂರು ವರ್ಷ ನಾ ದಡಾನ ಜರಡಿ ಹಿಡಿದು ಹೊರಗ ಒಗದೀನ್ರಿ!"

"ಮೂರು ವರ್ಷ ನಾ ಅದನ್ನ ಹೊತ್ತೀನಿ. ನನ್ನ ಸೊಂಟಾ ಕೇಳು."

"ಮೊದಲ ದಿನಾನ ಹೇಳಬಾರದಾಗಿತ್ತೇನ್ರಿ?"

"ಹೇಳಿದ್ರ ಬರಕೊಂಡು ಇಡ್ತಿದ್ದಿ. ಚಹಾ ಆರ್ತೈತಿ, ಏಳು."

ಆಮೇಲಿನ ದಿನಗಳಲ್ಲಿ ಶೆಡ್ಡಿನಲ್ಲಿ ಜರಡಿ ಆಡಲಿಲ್ಲ. ಮಾನಪ್ಪ ಬೇರು ಸಮೇತ ಮಣ್ಣು ತುಂಬಿದ. ಕಡಿದಾದ ದಡವನ್ನು ಇಳಿಜಾರು ಮಾಡಿದ. ಬುಡಕ್ಕೆ ಒಂದು ಸಾಲು ಕಲ್ಲು, ಮೇಲೆ ಹುಲ್ಲು. ನೀರು ಬಿಡುವ ಮುಂಚೆ ತನ್ನ ಬುತ್ತಿಯನ್ನು ತಾನೇ ಒಯ್ದು ಬಕೆಟ್ಟಿನ ಹತ್ತಿರದ ದಡದಲ್ಲಿ ಹೂತಿಟ್ಟ.

ಮೊದಲ ದಿನ ರೊಟ್ಟಿ ತೇಲಿತು. ಎರಡನೇ ದಿನ ಒದ್ದೆಯಾಯಿತು. ನಾಲ್ಕನೇ ದಿನ ನೀರು ಹುಲ್ಲಿನ ಮೇಲೆ ಹತ್ತಿ, ತಡವರಿಸಿ, ಮೆತ್ತಗಾಗಿ ಇಳಿದುಹೋಯಿತು. ಗುರುಶಿಷ್ಯರು ಒಣ ರೊಟ್ಟಿಯನ್ನು ಹಂಚಿಕೊಂಡು ತಿಂದರು. ಅಂಥ ರುಚಿಯ ರೊಟ್ಟಿಯನ್ನು ಮಾನಪ್ಪ ಹುಟ್ಟಿದ ಮೇಲೆ ತಿಂದಿರಲಿಲ್ಲ.

ಅಕ್ಕೋರು ಅಧಿಕಾರಿಗಳ ಹತ್ತಿರ ಎರಡು ಮಳೆಗಾಲದ ಗಡುವು ಬೇಡಿದರು. ಕೊಟ್ಟರು.

ಮುಂಗಾರಿನ ಮೊದಲ ಹನಿ ಬೀಳುತ್ತಲೇ ಕೊಂಡಿಹಾಳದವರೆಲ್ಲ ಹುಲ್ಲು ನೆಡಲು ದಡಕ್ಕಿಳಿದರು. ಹುಸೇನಬಿ ಮಾತ್ರ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

"ತಮ್ಮಾ, ನಿನ್ನ ಎಂಜಿನಿಯರಿಂಗ್ ಚಲೋ ಐತಿ," ಅಂದಳು. "ಆದ್ರ ನನ್ನ ಆಡು ಅದನ್ನ ಒಂದ ದಿನಕ್ಕ ಮೇಯ್ತಾವ."

ಮಾನಪ್ಪನ ಕೈಯಲ್ಲಿದ್ದ ಗುದ್ದಲಿ ನಿಂತಿತು. ಯಾವ ಪುಸ್ತಕದಲ್ಲೂ ಆಡು ಇರಲಿಲ್ಲ. ತೊಟ್ಟಿಯಲ್ಲೂ ಇರಲಿಲ್ಲ. ಅವನು ಅಕ್ಕೋರ ಮುಖ ನೋಡಿದ. ಅಕ್ಕೋರು ಹುಸೇನಬಿಯ ಮುಖ ನೋಡಿದರು.

"ನಿನ್ನ ಆಡು ತಿನ್ನಲಾರದ ಗಿಡ ಯಾವುದೈತಿ?"

"ಲಕ್ಕಿ ಒಂದು ಮೂಸಿನೂ ನೋಡೂದಿಲ್ಲ ರೀ."

"ಕೇಳಿದೇನೋ, ಮಾನಪ್ಪ? ಮುಂದಿನ ಸಾಲು ಲಕ್ಕಿ ಹಚ್ಚು. ಬೇಲಿ ಆಗ್ತೈತಿ. ಈಕೀ ಹೆಸರು ನಿನ್ನ ಪ್ರಬಂಧದಾಗ ಬರಿ, ನನ್ನ ಹೆಸರಿನಕಿಂತ ಮ್ಯಾಲ."

ಮಾನಪ್ಪ ಬರೆದುಕೊಂಡ. ಹುಸೇನಬಿ ಸೆರಗು ಸಿಗಿಸಿ ದಡಕ್ಕಿಳಿದಳು.

ಮೊದಲ ವರ್ಷದ ನೆರೆ ಬಂದಾಗ ಬೇರು ಇನ್ನೂ ಎಳೆಯದು. ಎರಡು ಹೆಜ್ಜೆ ದಡ ಹೋಯಿತು. ಹನ್ನೊಂದು ಇದ್ದದ್ದು ಒಂಬತ್ತಾಯಿತು. ಮಾನಪ್ಪನಿಗೆ ಆ ದಿನ ಅನ್ನ ಸೇರಲಿಲ್ಲ.

"ಅಳು ಮಾರಿ ಮಾಡಬ್ಯಾಡ," ಅಂದಳು ಹುಸೇನಬಿ. "ಹ್ವಾದ ವರ್ಷ ದೊಡ್ಡೀನ ನುಂಗಿತ್ತು. ಈ ವರ್ಷ ಎರಡ ಹೆಜ್ಜಿ. ಹೊಳೀ ಹೊಟ್ಟಿ ಸಣ್ಣದಾಗೇತಿ ಬಿಡು."

ಎರಡನೇ ವರ್ಷದ ನೆರೆ ದೊಡ್ಡದು. ನಾಲ್ಕು ದಿನ ಊರವರು ಗುಡ್ಡದ ಮೇಲೆ ಕೂತು ನೋಡಿದರು. ನೀರು ಹುಸೇನಬಿಯ ಹೊಸ್ತಿಲು ಮುಟ್ಟಿತು. ಐದನೇ ದಿನ ನೀರಿಳಿಯಿತು. ಲಕ್ಕಿ ಗಿಡಗಳು ಮೈಯೆಲ್ಲ ಕೆಸರು ಮೆತ್ತಿಕೊಂಡು ನಿಂತೇ ಇದ್ದವು.

ಮಾನಪ್ಪ ಹೊಸ್ತಿಲಿಗೆ ಹಿಮ್ಮಡಿ ಹಚ್ಚಿ ಹೆಜ್ಜೆ ಹಾಕಿದ. ಏಳು, ಎಂಟು, ಒಂಬತ್ತು. ನೀರು ಇನ್ನೂ ಬರಲಿಲ್ಲ. ಹತ್ತು!

ಅವನು ಮತ್ತೊಮ್ಮೆ ಎಣಿಸಿದ. ಹತ್ತೇ. ಊರವರೆಲ್ಲ ಬಂದು ನೋಡಿದರು. ಆಮೇಲೆ ಅವನು ನಿಲ್ಲಲಿಲ್ಲ, ಅಡವಿಬಾವಿಗೆ ಓಡಿದ. ಅಲ್ಲಿಂದ ಶೆಡ್ಡಿಗೆ ಓಡಿದ.

"ಅಕ್ಕೋರೆ, ನಿಂತೈತ್ರಿ! ನಿಂತದ್ದಷ್ಟ ಅಲ್ಲ, ಒಂದು ಹೆಜ್ಜಿ ಬೆಳದೈತಿ! ಹೊಳ್ಯಾಗ ಬಂದ ಮಣ್ಣನ್ನ ಹುಲ್ಲು ಹಿಡಕೊಂಡೈತಿ. ಅಡವಿಬಾವಿಗೂ ಹೋಗಿ ಬಂದೀನ್ರಿ. ಅಲ್ಲಿ ಒಂದ ಗೇಣೂ ಬಿದ್ದಿಲ್ಲ!"

ಅಕ್ಕೋರು ಎದ್ದು ಬಂದು ಅವನ ತಲೆಯ ಮೇಲೆ ಕೈಯಿಟ್ಟರು. ಐದು ವರ್ಷದಲ್ಲಿ ಅದೇ ಮೊದಲು. ಅವರ ಕಣ್ಣೂ ಒದ್ದೆಯಾಗಿದ್ದವು, ಅವನ ಕಣ್ಣೂ.

"ಊರು ಅಲ್ಲೇ ಇರ್ತೈತ್ರಿ," ಅಂದ ಮಾನಪ್ಪ. "ಈಗ ಒಂದು ಜಗಳ ಹತ್ತೈತಿ ನೋಡ್ರಿ, ಖುಷೀ ಜಗಳ. ಹೊಸಾ ಮಣ್ಣು ಯಾರದು ಅಂತ. ಹುಸೇನಬಿ ನನ್ನದಂತಾಳ, ಊರವರು ಊರಿನದಂತಾರ. ನಿಮ್ಮನ್ನ ಕೇಳಕೊಂಡು ಬಾ ಅಂದಾರ."

ಬುತ್ತಿಯ ಕೆಂಪು ಬಟ್ಟೆ ಬಿಚ್ಚಿ, ಅದರಲ್ಲಿ ಕಟ್ಟಿಕೊಂಡು ತಂದಿದ್ದ ಒಂದು ಹೆಂಟೆ ಮಣ್ಣನ್ನು ಗುರುವಿನ ಅಂಗೈಯಲ್ಲಿಟ್ಟ.

ಅಕ್ಕೋರು ಅದನ್ನು ಬೆರಳಲ್ಲಿ ತಿಕ್ಕಿದರು. ಬಿಸಿಲಿಗೆ ಹಿಡಿದರು. ಕೊಂಡಿಹಾಳದ್ದು ಕಪ್ಪು ನೆಲ. ಈ ಮಣ್ಣು ಕೆಂಪಗಿತ್ತು.

"ಹೊಳೀ ಮ್ಯಾಲಿನ ಊರವರದು," ಅಂದರು. "ಅಲ್ಲೀ ದಡ ಬೀಳಾಕತ್ತೈತಿ. ನಾಳೆ ಎರಡು ಬುತ್ತಿ ಕಟ್ಟು, ಅಲ್ಲಿಗೆ ಹೋಗೂಣು."